ಮರುತುತ್ತು

ನಮ್ಮ ಊರಿನಲ್ಲಿ ಗಂಡಸರು ಸಾರು ಸಪ್ಪೆ ಎಂದು ಹೇಳಬೇಕಾದರೆ ಅಕ್ಕಪಕ್ಕ ಯಾರಾದರೂ ಇದ್ದಾರೆಯೇ ಎಂದು ನೋಡಿಕೊಂಡು ಹೇಳುತ್ತಾರೆ. ಯಾರ ಕಿವಿಗಾದರೂ ಬಿತ್ತೋ ಮುಗಿಯಿತು, "ಯಾರಿಗಪ್ಪಾ ತಪ್ಪು ತೀರ್ಪು ಕೊಟ್ಟು ಬಂದೆ?" ಎಂದು ಸಂಜೆಯವರೆಗೂ ಕಾಡುತ್ತಾರೆ. ಹೋಟೆಲಿನಲ್ಲಿ ಸಪ್ಪೆ ಎಂದರೆ ಸಪ್ಲೈಯರುಗಳು ಕೈಮುಗಿದು "ಬನ್ನಿ ಜಡ್ಜ್ ಸಾಹೇಬ್ರೇ" ಎನ್ನುತ್ತಾರೆ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ, ಉಪ್ಪಿನ ಕೈ ಹೇಗೆ ಎಂದು ಕೇಳುತ್ತಾರೆ. ಹೊರಗಿನಿಂದ ಬಂದವರಿಗೆ ಇದೆಲ್ಲ ತಮಾಷೆ. ನಮಗೆ ನಗು ಬರುವುದು ನಿಂತು ಎಷ್ಟೋ ಕಾಲವಾಯಿತು.

ಇಲ್ಲಿ ಯಾರಿಗಾದರೂ ಶಿಕ್ಷೆಯಾದರೆ, ಶಿಕ್ಷೆ ಕೊಟ್ಟ ಜಡ್ಜು ವಾರದೊಳಗೆ ಆ ಮನೆಗೆ ಬಂದು, ನೆಲದ ಮೇಲೆ ಕೂತು, ಆ ಮನೆಯ ಒಲೆಯಲ್ಲಿ ಬೆಂದ ಸಾರಿಗೆ ಅನ್ನ ಕಲಸಿ ಉಣ್ಣಬೇಕು. ತೀರ್ಪು ತಪ್ಪಾಗಿದ್ದರೆ ಆ ಮನೆಯ ಉಪ್ಪು ಅವರ ನಾಲಿಗೆಗೆ ಹತ್ತುವುದಿಲ್ಲ. ಹತ್ತಿದರೆ "ಹದವಾಗಿದೆ" ಎನ್ನುತ್ತಾರೆ, ಹತ್ತದಿದ್ದರೆ "ಸಪ್ಪೆ" ಎನ್ನುತ್ತಾರೆ. ಸಪ್ಪೆ ಎಂದ ದಿನವೇ ಜೈಲಿನ ಬಾಗಿಲು ತೆಗೆಯಬೇಕು. ಮನೆಯವರು ಉಪ್ಪು ಮುಟ್ಟುವ ಹಾಗಿಲ್ಲ. ಕೋರ್ಟಿನ ದಫೇದಾರರು ಅರಗಿನ ಸೀಲು ಒತ್ತಿದ ಪೊಟ್ಟಣ ತಂದು ತಾವೇ ಹಾಕಿ, ರುಚಿ ನೋಡಿ, "ಉಪ್ಪು ಬಿದ್ದಿದೆ" ಎಂದು ಬೀದಿಗೆ ಕೇಳುವ ಹಾಗೆ ಹೇಳಬೇಕು. ಆ ಹೊತ್ತಿನಲ್ಲಿ ಮನೆಯವರು ಅಡುಗೆಮನೆಗೆ ಬೆನ್ನು ಹಾಕಿ ನಿಂತಿರಬೇಕು. ಹಪ್ಪಳ, ಉಪ್ಪಿನಕಾಯಿ ಏನೂ ಬಡಿಸುವ ಹಾಗಿಲ್ಲ. ಬರೀ ಅನ್ನ, ಬೇಳೆ ಸೊಪ್ಪಿನ ಸಾರು. ಇದಕ್ಕೆ ತೀರ್ಪಿನ ಊಟ ಎಂದು ಹೆಸರು.

ನಾನು ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲಕ್ಕೇ ಸಾಂಬಶಿವಯ್ಯನವರು ನಮ್ಮೂರಿಗೆ ಜಡ್ಜಾಗಿ ಬಂದವರು. ಬಂದ ಹೊಸದರಲ್ಲಿ ಒಬ್ಬ ಗಾಡಿಯವನ ಮನೆಯಲ್ಲಿ ಮೊದಲ ತುತ್ತಿಗೇ ಎದ್ದು, ಎಂಜಲು ಕೈಯಲ್ಲೇ ಬೀದಿಗೆ ಬಂದು, "ಸಪ್ಪೆ! ನನ್ನ ತೀರ್ಪು ಸಪ್ಪೆ!" ಎಂದು ಕೂಗಿದರಂತೆ. ನಮ್ಮಪ್ಪ ಕಣ್ಣಾರೆ ಕಂಡಿದ್ದರು. ಸಾಯುವವರೆಗೂ ಅದನ್ನು ಹೇಳಿಕೊಂಡು ಕಣ್ಣು ಒರೆಸಿಕೊಳ್ಳುತ್ತಿದ್ದರು. ಮತ್ತೆ, ದೊಡ್ಡ ಕುರ್ಚಿಯಲ್ಲಿ ಕೂತವರು ನಾನು ತಪ್ಪಿದೆ ಎಂದು ಬೀದಿಯಲ್ಲಿ ನಿಂತು ಹೇಳುವುದನ್ನು ಯಾರು ಕಂಡಿದ್ದಾರೆ? ಅವತ್ತಿನಿಂದ ನಮ್ಮೂರಲ್ಲಿ ಜನ ಆಣೆ ಇಡುವಾಗ ದೇವರನ್ನು ಬಿಟ್ಟು ಸಾಂಬಶಿವಯ್ಯನವರ ನಾಲಿಗೆಯಾಣೆ ಎನ್ನುವುದಕ್ಕೆ ಶುರುಮಾಡಿದರು. ನಾನೂ ಎಷ್ಟೋ ಸಲ ಹಾಗೆ ಆಣೆ ಇಟ್ಟವಳೇ.

ನನ್ನ ಹೆಸರು ಚೆನ್ನಾಜಮ್ಮ. ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುತ್ತೇನೆ. ಗಂಡ ಹೋದ ಮೇಲೆ ನನಗೆ ಉಳಿದವನು ತಮ್ಮ ರೇವಣ್ಣ ಒಬ್ಬನೇ. ಅಮ್ಮ ತೀರಿಕೊಂಡಾಗ ಅವನು ಇನ್ನೂ ಚಡ್ಡಿ ಹಾಕಲು ಬಾರದ ಕೂಸು, ನಾನೇ ಎತ್ತಿ ಆಡಿಸಿದವಳು. ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕುತ್ತಿದ್ದ. ಮಾತು ಸ್ವಲ್ಪ ಒರಟು, ಮನಸ್ಸು ಬೆಣ್ಣೆ. ಗೋಣಿಚೀಲದ ಮಂಡಿಯ ಸಾಹುಕಾರರ ಜೊತೆ ಯಾವುದೋ ಟೈರಿನ ವಿಷಯಕ್ಕೆ ಬೀದಿಯಲ್ಲಿ ನಿಂತು ಜಗಳವಾಡಿದ. "ನಿನ್ನ ಮಂಡಿಗೆ ಬೆಂಕಿ ಬೀಳ" ಎಂದ. ಬೈಗುಳ, ಯಾರು ತಾನೇ ಅನ್ನುವುದಿಲ್ಲ? ಆದರೆ ಒಂದು ವಾರಕ್ಕೆ ಮಂಡಿಗೆ ನಿಜವಾಗಿಯೂ ಬೆಂಕಿ ಬಿತ್ತು. ಒಳಗೆ ಮಲಗಿದ್ದ ಕಾವಲಿನ ಮುದುಕ ಸತ್ತುಹೋದ. ಮುಸ್ಸಂಜೆಯಲ್ಲಿ ರೇವಣ್ಣ ಸೀಮೆಎಣ್ಣೆ ಬಾಟಲಿ ಹಿಡಿದುಕೊಂಡು ಮಂಡಿಯ ಬೀದಿಯಲ್ಲಿ ಹೋದದ್ದನ್ನು ಇಬ್ಬರು ನೋಡಿದ್ದರು.

ಹೋಗಿದ್ದು ಸುಳ್ಳಲ್ಲ. ನಾನೇ ಕಳಿಸಿದ್ದು. ಅವತ್ತು ಮನೆಯಲ್ಲಿ ಹಲಸಿನ ಹಣ್ಣು ಬಿಡಿಸುತ್ತಾ ಕೂತಿದ್ದೆವು. ಕೊಬ್ಬರಿ ಎಣ್ಣೆ ಮುಗಿದಿತ್ತು, ಮೇಣ ಇಬ್ಬರ ಕೈಗೂ ಮೆತ್ತಿಕೊಂಡು ಬೆರಳು ಬೆರಳಿಗೆ ಅಂಟಿಕೊಂಡವು. "ಓಡೋಗಿ ಒಂದಿಷ್ಟು ಸೀಮೆಎಣ್ಣೆ ತಗೊಂಬಾರೋ" ಎಂದೆ. ಅವನು ತಂದ. ಇಬ್ಬರೂ ಬಟ್ಟೆಯ ಚೂರಿಗೆ ಸುರಿದುಕೊಂಡು ಕೈ ಉಜ್ಜಿಕೊಳ್ಳುತ್ತಿರುವಾಗಲೇ ಬೀದಿಯಲ್ಲಿ "ಬೆಂಕಿ, ಬೆಂಕಿ" ಎಂದು ಕೂಗು ಎದ್ದಿತು. ಇಷ್ಟೇ ನಡೆದದ್ದು.

ಕೋರ್ಟಿನಲ್ಲಿ ನಾನು ಇದನ್ನೇ ಹೇಳಲು ಬಾಯಿ ತೆಗೆದೆ. "ಸ್ವಾಮಿ, ಅವತ್ತು ಹಲಸಿನ ಹಣ್ಣು..." ಎಂದೆ. ಸಾಂಬಶಿವಯ್ಯನವರು ಕಣ್ಣು ಮುಚ್ಚಿಕೊಂಡೇ ಕೈ ಎತ್ತಿದರು. "ಹಣ್ಣಿನ ವಿಷಯ ಬೇಡಮ್ಮ. ಕತ್ತಲಾಗುವ ಹೊತ್ತಿಗೆ ನಿಮ್ಮ ತಮ್ಮ ಮನೆಯಿಂದ ಹೊರಗೆ ಹೋಗಿದ್ದರೋ ಇಲ್ಲವೋ, ಅಷ್ಟು ಹೇಳಿ." "ಹೋಗಿದ್ದ ಸ್ವಾಮಿ, ಆದ್ರೆ..." "ಸಾಕು" ಎಂದರು. ನಮ್ಮ ಲಾಯರು ಏಳುತ್ತಾರೇನೋ ಎಂದು ನೋಡಿದೆ. ಅವರು ಆಕಳಿಸುತ್ತಿದ್ದರು. ಆಚೆಗೆ ಬಂದ ಮೇಲೆ ನನಗೇ ಸಮಾಧಾನ ಹೇಳಿದರು. "ಯಾಕಮ್ಮ ಇಷ್ಟು ತಲೆ ಕೆಡಿಸ್ಕೋತೀರಾ? ತಪ್ಪು ತೀರ್ಪಾದ್ರೆ ಊಟದ ದಿನ ನಾಲಿಗೆ ಹೇಳುತ್ತೆ ಬಿಡಿ." ನಮ್ಮೂರಲ್ಲಿ ಎಲ್ಲರೂ ಹೀಗೆಯೇ. ಪೊಲೀಸರು ಹುಡುಕುವುದೂ ಅಷ್ಟಕ್ಕಷ್ಟೇ, ಸಾಕ್ಷಿಗಳು ಹೇಳುವುದೂ ಅಷ್ಟಕ್ಕಷ್ಟೇ. ಕೊನೆಗೆ ನಾಲಿಗೆ ಇದೆಯಲ್ಲ.

ರೇವಣ್ಣನಿಗೆ ಜೀವಾವಧಿಯಾಯಿತು. ಆದರೂ ನಾನು ಅವತ್ತು ಅಳಲಿಲ್ಲ. ಊಟ ಬಾಕಿ ಇತ್ತು. ಊಟದ ದಿನ ಸಾಂಬಶಿವಯ್ಯನವರು ಎಂಜಲು ಕೈಯಲ್ಲಿ ಬೀದಿಗೆ ಬಂದು ಕೂಗುತ್ತಾರೆ, ಸಂಜೆ ತಮ್ಮ ಮನೆಗೆ ಬರುತ್ತಾನೆ ಎಂದುಕೊಂಡು ಅವನ ಚಾಪೆ ಒಗೆದು ಬಿಸಿಲಿಗೆ ಹಾಕಿದೆ. ನನಗೆ ಅಷ್ಟು ಧೈರ್ಯವಿತ್ತು.

ಊಟದ ದಿನ ಸೊಪ್ಪು ಬಿಡಿಸಿಕೊಡಲು ಪಕ್ಕದ ಮನೆಯ ಈರತಾಯಮ್ಮ ಬಂದಳು. ನನಗಿಂತ ದೊಡ್ಡವಳು, ಅಕ್ಕ ಎನ್ನುತ್ತೇನೆ. ಅವಳಿಗೆ ಈ ಊಟ ಹೊಸದಲ್ಲ. ಅವಳ ಮಗ ಮರಿಸ್ವಾಮಿ ಹಾಲಿನ ಡೈರಿಯ ಬೀಗ ಒಡೆದು ಕಾವಲಿನವನ ತಲೆಗೆ ಹೊಡೆದ ಎಂದು ಹೋದ ವರ್ಷ ಒಳಗೆ ಹೋದವನು. ಶಿಕ್ಷೆಯಾದ ದಿನ ಅವಳು ಕೋರ್ಟಿನ ಮೆಟ್ಟಿಲ ಮೇಲೆ ಎದೆ ಬಡಿದುಕೊಂಡು "ನನ್ ಮಗ ಅಂಥವನಲ್ಲ, ನನ್ ಹೊಟ್ಟೇಲಿ ಹುಟ್ಟಿದೋನು ನಂಗೊತ್ತಿಲ್ವಾ" ಎಂದು ಕೂಗಾಡಿದ್ದು ಊರಿಗೇ ಕೇಳಿಸಿತ್ತು. ಆಮೇಲೆ ಅವಳ ಮನೆಯಲ್ಲಿ ಊಟ ನಡೆಯಿತು. ಸಾಂಬಶಿವಯ್ಯನವರು ಹದವಾಗಿದೆ ಎಂದರು. ಅವತ್ತೇ ಅವಳು ಗೋಡೆಯ ಮೇಲಿದ್ದ ಮಗನ ಫೋಟೋ ತೆಗೆದು ಅಕ್ಕಿಯ ಡಬ್ಬದ ಹಿಂದೆ ಇಟ್ಟಳು. ಜೈಲಿಗೆ ಒಂದು ದಿನ ಹೋಗಿ ಮುಖ ನೋಡಿಕೊಂಡು ಬಾರಕ್ಕ ಎಂದರೆ, "ನಾಲಿಗೆ ಸುಳ್ಳೇಳ್ತದಾ ಚೆನ್ನಾಜಿ? ಹೆತ್ತೋಳ್ಗೂ ಮೋಸ ಮಾಡ್ದ ಕಣವ್ವ ಅವ್ನು" ಎನ್ನುತ್ತಿದ್ದಳು. ನಾನೂ ಹೌದು ಎಂದುಕೊಂಡು ಸುಮ್ಮನಾಗುತ್ತಿದ್ದೆ.

ದಫೇದಾರ ಮುದ್ದವೀರಯ್ಯ ಮೊದಲೇ ಬಂದರು. ವಯಸ್ಸಾದವರು, ಮಂಡಿನೋವು. ಸೀಲಿನ ಪೊಟ್ಟಣವನ್ನು ಕೋಟಿನ ಜೇಬಿನಿಂದ ತೆಗೆದು ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲಿಟ್ಟು, "ಸಾರು ಕುದೀಲಿ ತಾಯಿ, ಆಮೇಲೆ ಹಾಕ್ತೀನಿ" ಎಂದು ಜಗಲಿಗೆ ಹೋಗಿ ಕೂತರು. ಈರತಾಯಮ್ಮ ಮಜ್ಜಿಗೆ ಕೊಟ್ಟಳು. ಇಬ್ಬರೂ ಮಂಡಿನೋವಿಗೆ ಯಾವ ಎಣ್ಣೆ ಒಳ್ಳೆಯದು ಎಂದು ಮಾತಾಡುತ್ತಾ ಕೂತುಬಿಟ್ಟರು. ಜೀಪಿನ ಹಾರನ್ ಕೇಳಿದ್ದೇ ಮುದ್ದವೀರಯ್ಯ ಗಾಬರಿಯಿಂದ ಎದ್ದು ಒಳಗೆ ಓಡಿದರು. ನಾನು ನಡುಮನೆಯಲ್ಲಿ ಬೆನ್ನು ಹಾಕಿ ನಿಂತೆ. ಸೌಟಿನ ಸದ್ದಾಯಿತು. "ಉಪ್ಪು ಬಿದ್ದಿದೆ" ಎಂಬ ಕೂಗೂ ಆಯಿತು.

ಮೊದಲೆಲ್ಲ ತೀರ್ಪಿನ ಊಟ ಎಂದರೆ ಜನ ಮಾಡು ಹತ್ತಿ ನೋಡುತ್ತಿದ್ದರು. ಈಗ ಹಾಲಿಗೆ ಹೊರಟವರು, ತರಕಾರಿಗೆ ಹೊರಟವರು ಸ್ವಲ್ಪ ಹೊತ್ತು ನಿಂತು ನೋಡಿ ಹೋಗುತ್ತಾರೆ. ಅವತ್ತೂ ಬಾಗಿಲಲ್ಲಿ ಏಳೆಂಟು ಜನ ಇದ್ದರೇನೋ. ಸಾಂಬಶಿವಯ್ಯನವರು ಕಷ್ಟಪಟ್ಟು ನೆಲಕ್ಕೆ ಕೂತರು. ನಾನು ಬಡಿಸಿದೆ. ಅವರು ಅನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟರು, ಅಗಿದರು, ನುಂಗಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಎದ್ದು ನಿಲ್ಲುತ್ತಾರೆ, ಈಗ ಎದ್ದು ನಿಲ್ಲುತ್ತಾರೆ ಎಂದು ಕಾದೆ. ಅವರು ತಲೆ ಎತ್ತದೆ "ಹದವಾಗಿದೆ" ಎಂದರು. ಜನ ಚದುರಿದರು. ಜೀಪು ಹೊರಟುಹೋಯಿತು. ಈರತಾಯಮ್ಮ ನನ್ನ ತಲೆ ಸವರಿ, "ಗಟ್ಟಿ ಮನಸ್ಸು ಮಾಡ್ಕೊಳವ್ವ, ನಾನು ಮಾಡ್ಕೊಳ್ಳಿಲ್ವಾ" ಎಂದು ಹೇಳಿ ತನ್ನ ಮನೆಗೆ ಹೋದಳು.

ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಅವತ್ತು ಒಬ್ಬಳೇ ಕೂತಾಗ ನನಗೂ ಅನುಮಾನ ಬಂತು. ಸೀಮೆಎಣ್ಣೆ ತರುವ ದಾರಿಯಲ್ಲಿ ಇವನು ಮಂಡಿಯ ಹಿಂದಕ್ಕೆ ಹೋದನೋ ಏನೋ ಎಂದುಕೊಂಡೆ. ಬಂದಾಗ ಏದುಸಿರು ಬಿಡುತ್ತಿದ್ದನಲ್ಲ ಎಂದುಕೊಂಡೆ. ಓಡಿ ಹೋಗಿ ಬಾ ಎಂದು ಕಳಿಸಿದವಳು ನಾನೇ, ಏದುಸಿರು ಬಾರದೆ ಇನ್ನೇನು? ಆದರೆ ಆ ನಾಲಿಗೆಯ ಮೇಲಿನ ನಂಬಿಕೆ ಎಂಥದ್ದು ಎಂದರೆ, ನಾನೇ ಎತ್ತಿ ಬೆಳೆಸಿದ ಕೂಸನ್ನು ನಾನೇ ಅರ್ಧ ಗಂಟೆ ಕೊಲೆಗಾರನನ್ನಾಗಿ ಮಾಡಿಬಿಟ್ಟೆ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಇಷ್ಟಾದ ಮೇಲೂ ಹಸಿವಾಗುತ್ತದಲ್ಲ ಎಂದು ಬೈದುಕೊಂಡು ಅನ್ನಕ್ಕೆ ಅದೇ ಸಾರು ಹಾಕಿಕೊಂಡು ಕೂತೆ.

ಒಂದು ತುತ್ತು ಇಟ್ಟೆ. ಸಪ್ಪೆ. ಅತ್ತೂ ಅತ್ತೂ ಬಾಯಿ ಕೆಟ್ಟಿರಬೇಕು ಎಂದುಕೊಂಡು ಸಾರನ್ನೇ ಅಂಗೈಗೆ ಬಿಟ್ಟುಕೊಂಡು ನೆಕ್ಕಿದೆ. ಬೇಳೆ, ಸೊಪ್ಪು, ಖಾರ ಎಲ್ಲ ಇತ್ತು, ಉಪ್ಪು ಮಾತ್ರ ಒಂದು ಹರಳೂ ಇರಲಿಲ್ಲ. ತಲೆ ಎತ್ತಿದರೆ ಕಿಟಕಿಯ ಕಟ್ಟೆಯ ಮೇಲೆ ಕೋರ್ಟಿನ ಪೊಟ್ಟಣ ಇಟ್ಟ ಜಾಗದಲ್ಲೇ ಇತ್ತು. ಅರಗಿನ ಸೀಲು ಹಾಗೆಯೇ ಇತ್ತು. ಮುದ್ದವೀರಯ್ಯ ಗಡಿಬಿಡಿಯಲ್ಲಿ ಹಾಕುವುದನ್ನೇ ಮರೆತಿದ್ದರು. ರುಚಿಯನ್ನೂ ನೋಡಿರಲಿಲ್ಲ, ನೋಡಿ ಎಷ್ಟು ವರ್ಷವಾಯಿತೋ ಏನೋ. ಅದು ಬಿಡಿ, ಅವರು ಮುದುಕರು. ಉಪ್ಪೇ ಬೀಳದ ಸಾರನ್ನು ಉಂಡು ಹದವಾಗಿದೆ ಎಂದರಲ್ಲ ಸಾಂಬಶಿವಯ್ಯನವರು, ಅವರನ್ನು ಏನೆನ್ನಬೇಕು?

ಮಾರನೆಯ ದಿನ ಮಧ್ಯಾಹ್ನ ಪೊಟ್ಟಣವನ್ನು ಸೆರಗಿಗೆ ಗಂಟು ಹಾಕಿಕೊಂಡು, ಉಳಿದ ಸಾರನ್ನು ಚೊಂಬಿಗೆ ಸುರಿದುಕೊಂಡು ಕೋರ್ಟಿನ ಹಿಂದಿರುವ ಅವರ ಮನೆಗೆ ಹೋದೆ. ಹೆಂಡತಿ ಇಲ್ಲದ ಮನೆ. ವರಾಂಡದಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತಿದ್ದರು. ನಾನು ನಮಸ್ಕಾರವನ್ನೂ ಮಾಡಲಿಲ್ಲ. ಪೊಟ್ಟಣವನ್ನು ಅವರ ಮುಂದಿದ್ದ ಸ್ಟೂಲಿನ ಮೇಲೆ ಇಟ್ಟೆ, ಚೊಂಬನ್ನೂ ಇಟ್ಟೆ.

"ಇದೇನಮ್ಮ?" ಎಂದರು.

"ಕೋರ್ಟಿನ ಉಪ್ಪು ಸ್ವಾಮಿ. ಸೀಲು ಒಡೆದಿಲ್ಲ, ನೋಡ್ಕೊಳ್ಳಿ. ನಿನ್ನೆ ನನ್ನ ಮನೇಲಿ ನೀವು ಹದವಾಗಿದೆ ಅಂತ ಉಂಡ್ರಲ್ಲ, ಅದು ಉಪ್ಪೇ ಹಾಕದ ಸಾರು. ಚೊಂಬಲ್ಲಿದೆ, ಬೇಕಾದ್ರೆ ಯಾರ ಬಾಯಿಗಾದ್ರೂ ಬಿಟ್ಟು ಕೇಳಿ."

ಗದರಿಸುತ್ತಾರೆ, ಪೊಲೀಸರನ್ನು ಕರೆಸುತ್ತಾರೆ ಎಂದುಕೊಂಡೇ ಹೋಗಿದ್ದೆ. ಅವರು ಪೊಟ್ಟಣವನ್ನು ಎತ್ತಿಕೊಂಡು ಸೀಲಿನ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ "ಕೂತ್ಕೊಳ್ಳಿ" ಎಂದರು. ಕೋರ್ಟಿಗೆ ಸೇರಿದವರೊಬ್ಬರು ನನಗೆ ಕೂತುಕೋ ಎಂದದ್ದು ಅದೇ ಮೊದಲು. ನಾನು ಮೆಟ್ಟಿಲ ಮೇಲೆ ಕೂತೆ.

"ಎರಡು ವರ್ಷದ ಕೆಳಗೆ ಒಂದು ಜ್ವರ ಬಂತು" ಎಂದರು. "ಜ್ವರ ಹೋಯಿತು, ರುಚಿ ಮಾತ್ರ ವಾಪಸು ಬರಲಿಲ್ಲ. ನಮ್ಮ ಮನೆ ಸಾರೂ ಸಪ್ಪೆ, ಉಪ್ಪಿನಕಾಯಿಯೂ ಸಪ್ಪೆ. ಡಾಕ್ಟರು ವಯಸ್ಸು ಅಂದರು."

"ಹಾಗಿದ್ಮೇಲೆ ಹೇಳ್ಬೇಕಾಗಿತ್ತಲ್ಲ ಸ್ವಾಮಿ!"

"ಹೇಳಬೇಕು ಅಂತಲೇ ಹೋದೆ. ಮೊದಲ ಮನೆಯಲ್ಲಿ ತುತ್ತು ಇಟ್ಟುಕೊಂಡು ತಲೆ ಎತ್ತಿದರೆ ಜನ ಕೈಮುಗಿದುಕೊಂಡು ನಿಂತಿದ್ದರು. ಕೈಮುಗಿದಿದ್ದು ನನಗಲ್ಲ, ಈ ನಾಲಿಗೆಗೆ. ಇದು ಸತ್ತುಹೋಗಿದೆ ಅಂತ ಹೇಗೆ ಹೇಳಲಿ? ಹದವಾಗಿದೆ ಅಂದುಬಿಟ್ಟೆ. ಒಂದು ಸಲ ಅಂದ ಮೇಲೆ ಆಮೇಲಿನದೆಲ್ಲ ಸಲೀಸು."

"ನಿಮಗೆ ಸಲೀಸು. ಒಳಗಿರೋನು ನನ್ ತಮ್ಮ!" ಎಂದು ಕೂಗಿಬಿಟ್ಟೆ. ಜಡ್ಜಿನ ಮನೆ ಎಂಬುದೂ ಮರೆತುಹೋಗಿತ್ತು. "ನೀವು ಹದವಾಗಿದೆ ಅಂದಿದ್ಕೆ ನಾನೇ ಅವನ ಮೇಲೆ ಅನುಮಾನ ಪಟ್ಟೆ. ನಿಮ್ಮ ಮಾತಿಗೋಸ್ಕರ ಹೆತ್ತ ತಾಯಂದಿರು ಮಕ್ಕಳ ಮುಖ ನೋಡೋದು ಬಿಟ್ಟಿದ್ದಾರೆ, ಗೊತ್ತಾ ನಿಮಗೆ?"

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೇ ಚೆನ್ನಾಗಿತ್ತು. "ನಾಲಿಗೆ ಹೋಗಿದ್ದು ದೊಡ್ಡದಲ್ಲ ಚೆನ್ನಾಜಮ್ಮ. ನಾಲಿಗೆ ಇದೆಯಲ್ಲ ಅಂತ ನಾನು ಕೇಳಿಸಿಕೊಳ್ಳೋದನ್ನೇ ಬಿಟ್ಟು ಎಷ್ಟೋ ವರ್ಷವಾಗಿತ್ತು. ತಪ್ಪಾದರೆ ಊಟದಲ್ಲಿ ಗೊತ್ತಾಗುತ್ತೆ ಅಂತ, ಸಾಕ್ಷಿ ಹೇಳುವವರ ಎದುರಿಗೇ ನಿದ್ದೆ ಮಾಡಿದ್ದೇನೆ. ಅವತ್ತು ನೀವು ಹಲಸಿನ ಹಣ್ಣು ಅಂತ ಏನೋ ಹೇಳೋಕೆ ಹೊರಟಿದ್ದಿರಿ. ಈಗ ಹೇಳಿ, ನಿಧಾನವಾಗಿ ಹೇಳಿ."

ನಾನು ಹೇಳಿದೆ. ಹಣ್ಣು, ಮೇಣ, ಮುಗಿದುಹೋದ ಕೊಬ್ಬರಿ ಎಣ್ಣೆ, ನಾನೇ ಕಳಿಸಿದ್ದು, ಇಬ್ಬರೂ ಕೈ ಉಜ್ಜಿಕೊಂಡದ್ದು, ಕೂಗು ಎದ್ದದ್ದು. ಅವರು ಮುಂದಕ್ಕೆ ಬಾಗಿ, ನನ್ನ ಮುಖದ ಮೇಲಿನ ಕಣ್ಣು ತೆಗೆಯದೆ ಕೇಳಿದರು. ನಡುವೆ ಒಂದೇ ಪ್ರಶ್ನೆ ಹಾಕಿದರು. "ಪೊಲೀಸರು ನಿಮ್ಮ ಮನೆಯಿಂದ ತೆಗೆದುಕೊಂಡು ಹೋದರಲ್ಲ ಬಾಟಲಿ, ಅದೇನಾ?"

"ಅದೇ ಸ್ವಾಮಿ. ಬಟ್ಟೆ ಚೂರಿಗೆ ಸುರಿದಷ್ಟೇ ಖರ್ಚಾಗಿದ್ದು."

ಅವರು ಹಣೆ ಹಿಡಿದುಕೊಂಡರು. "ಕೋರ್ಟಿನ ಬೀರುವಿನಲ್ಲಿದೆ ಅದು. ಕತ್ತಿನ ಮಟ್ಟಕ್ಕೆ ಎಣ್ಣೆ ಇದೆ. ನನ್ನ ಮೇಜಿನ ಮೇಲೇ ತಂದಿಟ್ಟಿದ್ದರು, ನಾನೇ ನೋಡಿದ್ದೆ. ಮಂಡಿ ಸುಟ್ಟವನು ತುಂಬಿದ ಬಾಟಲಿ ಮನೆಗೆ ಯಾಕೆ ತರುತ್ತಾನೆ ಅಂತ ಒಂದು ಮಾತು ನನಗೆ ಹೊಳೆಯಲಿಲ್ಲ."

ಕೇಳಿ ನನಗೆ ಅಳು ಬಂತು. ಇಷ್ಟೇ ಅಲ್ಲವೇ ಬೇಕಾಗಿದ್ದದ್ದು? ಯಾರಾದರೂ ಒಬ್ಬರು ಕೂತು ಕೇಳಬೇಕಾಗಿತ್ತು. ಎದ್ದು ಪೊಟ್ಟಣವನ್ನೂ ಚೊಂಬನ್ನೂ ತೆಗೆದುಕೊಂಡೆ. "ಹಾಗಾದ್ರೆ ನನ್ ತಮ್ಮನ್ನ ಬಿಡ್ಸಿ" ಎಂದೆ.

"ಎರಡು ದಾರಿ ಇದೆ" ಎಂದರು. "ನನ್ನ ನಾಲಿಗೆ ಸತ್ತು ಎರಡು ವರ್ಷವಾಯಿತು ಅಂತ ಊರಿಗೆ ಹೇಳಿಬಿಡೋದು ಒಂದು. ಆಗ ಈ ಎರಡು ವರ್ಷದ ಅಷ್ಟೂ ತೀರ್ಪು ಬೀಳುತ್ತೆ. ಹೊಸ ಜಡ್ಜು ಬಂದು ಒಂದೊಂದಾಗಿ ಮೊದಲಿನಿಂದ ಕೇಳಬೇಕು. ಅಲ್ಲಿಯವರೆಗೆ ಯಾರೂ ಹೊರಗೆ ಬರೋ ಹಾಗಿಲ್ಲ. ನಿಮ್ಮ ತಮ್ಮನ ಸರದಿ ಯಾವಾಗ ಬರುತ್ತೋ, ಆಗ ಅವನ ಕೂದಲು ಬೆಳ್ಳಗಾಗಿರುತ್ತೋ ಏನೋ. ಇನ್ನೊಂದು, ಮರುತುತ್ತು."

ಮರುತುತ್ತು ಎಂಬುದು ನಮ್ಮೂರಲ್ಲಿ ಹಿರಿಯರ ಬಾಯಲ್ಲಿ ಮಾತ್ರ ಉಳಿದಿತ್ತು. ಜಡ್ಜಿಗೇ ಅನುಮಾನ ಬಂದರೆ ಅದೇ ಮನೆಗೆ ಇನ್ನೊಂದು ಸಲ ಬಂದು ಉಣ್ಣಬಹುದು. ಯಾರೂ ಬಂದದ್ದು ನಾನು ಕಂಡಿರಲಿಲ್ಲ.

"ಬರ್ತೀನಿ, ಉಂಡು ಸಪ್ಪೆ ಅಂತೀನಿ. ಅವತ್ತೇ ನಿಮ್ಮ ತಮ್ಮ ಮನೆಗೆ ಬರ್ತಾನೆ" ಎಂದರು. "ಆದರೆ ನಾಲಿಗೆಯ ವಿಷಯ ಆಮೇಲೆ ನೀವೂ ಯಾರಿಗೂ ಹೇಳೋ ಹಾಗಿಲ್ಲ, ನಾನೂ ಹೇಳೋ ಹಾಗಿಲ್ಲ. ಹೇಳಿದರೆ ಆ ಸಪ್ಪೆಯೂ ಸುಳ್ಳು ಅಂತ ಅವನನ್ನು ವಾಪಸು ಹಾಕ್ತಾರೆ."

ನನಗೆ ಈರತಾಯಮ್ಮನ ಅಕ್ಕಿಯ ಡಬ್ಬ ಕಣ್ಣ ಮುಂದೆ ಬಂತು. "ಮರಿಸ್ವಾಮಿ ಕೇಸು ಸ್ವಾಮಿ?" ಎಂದೆ.

"ಯಾವ ಮರಿಸ್ವಾಮಿ?"

"ಡೈರಿ ಬೀಗ."

ಅವರು ಸ್ವಲ್ಪ ಹೊತ್ತು ನೆನಪು ಮಾಡಿಕೊಂಡರು. "ಹೂಂ, ಅದೂ ಜ್ವರ ಬಂದ ಮೇಲಿನದೇ. ಅವನು ಮಾಡಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಮನೆಯದೂ ಸಪ್ಪೆಯಾಗಿತ್ತು, ಎಲ್ಲ ಮನೆಯದೂ ಸಪ್ಪೆಯಾಗಿತ್ತು." ಆಮೇಲೆ ಕುರ್ಚಿಗೆ ಒರಗಿಕೊಂಡು ಹೇಳಿದರು. "ನನಗೆ ಸಾಕಾಗಿದೆ. ನನ್ನ ಮೇಲೆ ನನಗೇ ನಂಬಿಕೆ ಇಲ್ಲ. ಯಾವುದು ಮಾಡಲಿ, ನೀವೇ ಹೇಳಿ. ಇವತ್ತಿನ ತೀರ್ಪು ನಿಮ್ಮದು."

ನಾನು ಊದುಬತ್ತಿ ಹೊಸೆಯುವವಳು. ಇಂಥ ಮಾತನ್ನು ನನ್ನ ತಲೆಗೆ ಕಟ್ಟಿ ಅವರು ಕಣ್ಣು ಮುಚ್ಚಿಕೊಂಡು ಕೂತರು. ಪಕ್ಕದ ಮನೆಯವಳ ಮಗ ನನ್ನ ಕಣ್ಣೆದುರಿಗೇ ಆಡಿ ಬೆಳೆದವನು. ಆದರೆ ರೇವಣ್ಣ ನನ್ನ ಕಂಕುಳಲ್ಲಿ ಬೆಳೆದವನು. ಒಗೆದ ಚಾಪೆ ಇನ್ನೂ ಗೋಡೆಗೆ ಒರಗಿಕೊಂಡೇ ಇತ್ತು. ಬಹಳ ಹೊತ್ತು ಯೋಚಿಸಿದೆ ಎಂದು ಹೇಳಿಕೊಳ್ಳಬಹುದು. ನಿಜ ಹೇಳಬೇಕೆಂದರೆ ಯೋಚಿಸಲೇ ಇಲ್ಲ.

"ನನ್ ತಮ್ಮ ಮನೆಗೆ ಬರ್ಲಿ ಸ್ವಾಮಿ" ಎಂದೆ.

ಮರುತುತ್ತಿನ ಸುದ್ದಿ ಊರಲ್ಲಿ ಹಬ್ಬಿದ ಮೇಲೆ ಕೇಳಬೇಕೇ? ಅಂಗಡಿ ಬಾಗಿಲು ಹಾಕಿಕೊಂಡು ಬಂದರು. ಮಾಡಿನ ಮೇಲೆ ಜನ, ಲೈಟು ಕಂಬದ ಮೇಲೆ ಜನ. ನಾನು ಮುದ್ದವೀರಯ್ಯನ ಎದುರಿಗೆ ಆ ಹಳೆಯ ಪೊಟ್ಟಣವನ್ನೇ ಇಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಮುಖ ಬಿಳಿಚಿಕೊಂಡಿತು. ನಾನು ಬೆನ್ನು ಹಾಕಿ ನಿಂತೆ. ಅವರು ಸೀಲು ಒಡೆದು ಎಲ್ಲರ ಮುಂದೆ ಉಪ್ಪು ಹಾಕಿದರು. ಈ ಸಲ ರುಚಿಯನ್ನೂ ನೋಡಿದರು. ಸಾಂಬಶಿವಯ್ಯನವರು ಕೂತರು, ಕಲಸಿದರು, ತುತ್ತು ಇಟ್ಟರು. ಬೀದಿಯಲ್ಲಿ ಮಗುವೂ ಅಳಲಿಲ್ಲ. ಅವರು ನಿಧಾನವಾಗಿ ಎದ್ದು, ಎಂಜಲು ಕೈಯಲ್ಲೇ ಬಾಗಿಲಿಗೆ ಹೋಗಿ, "ಸಪ್ಪೆ. ನನ್ನ ತೀರ್ಪು ಸಪ್ಪೆ" ಎಂದರು.

ಜನ ಕುಣಿದಾಡಿಬಿಟ್ಟರು. ಕಾಲಿಗೆ ಬಿದ್ದವರೆಷ್ಟೋ, ಹಾರ ತಂದವರೆಷ್ಟೋ. "ಇನ್ನೆಲ್ಲಾದ್ರೂ ಉಂಟಾ ಇಂಥ ನ್ಯಾಯ?" ಎಂದು ಒಬ್ಬ ಮುದುಕ ನನ್ನ ಕೈ ಹಿಡಿದುಕೊಂಡು ಅತ್ತ. ನಮ್ಮಪ್ಪ ಹೇಳುತ್ತಿದ್ದ ಕಥೆಯನ್ನು ನನ್ನ ಮನೆಯ ಬಾಗಿಲಲ್ಲೇ ಜನ ಕಂಡರು. ಇನ್ನು ಮುಂದೆ ಅವರೂ ಅದನ್ನು ಮಕ್ಕಳಿಗೆ ಹೇಳುತ್ತಾರೆ. ಸಾಂಬಶಿವಯ್ಯನವರು ಹಾರ ಹಾಕಿಸಿಕೊಂಡು ಜೀಪು ಹತ್ತುವಾಗ ನನ್ನ ಕಡೆ ನೋಡಲಿಲ್ಲ. ಆ ತಿಂಗಳೇ ಕೆಲಸ ಬಿಟ್ಟು ಊರಿನಿಂದ ಹೊರಟುಹೋದರು.

ಸಂಜೆಗೆ ರೇವಣ್ಣ ಬಂದ. ಸೊರಗಿಹೋಗಿದ್ದ. ಹೊಸ್ತಿಲಲ್ಲಿ ನಿಂತು "ಅಕ್ಕಾ" ಎಂದ. ತಲೆಗೆ ನೀರು ಹಾಕಿದೆ. ಎಲೆ ಹಾಕಿ ಕೂರಿಸಿದೆ. ನನ್ನ ಸಾರನ್ನು ಎರಡು ಸಲ ಹಾಕಿಸಿಕೊಂಡ. ನಾನೂ ಅವನ ಪಕ್ಕದಲ್ಲೇ ಕೂತು ಉಂಡೆ. ಉಪ್ಪು, ಹುಳಿ, ಖಾರ ಎಲ್ಲ ಸರಿಯಾಗಿತ್ತು. ಎಷ್ಟು ದಿನದ ಮೇಲೆ ಅನ್ನ ಗಂಟಲಲ್ಲಿ ಇಳಿಯಿತೋ.

ಆಗ ಈರತಾಯಮ್ಮ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದುಕೊಂಡು ಬಂದಳು. ಬಿಸಿ ಆರಿರಲಿಲ್ಲ. "ರೇವ ಬಂದ್ನಂತೆ ಅಂತ ಮೆಂತ್ಯಸೊಪ್ಪಿನ ಸಾರು ಮಾಡ್ದೆ. ನಮ್ ಮರಿಸ್ವಾಮಿಗೂ ಇದಂದ್ರೆ ಪ್ರಾಣ" ಎಂದಳು. ಹೇಳಿದ ಮೇಲೆ ಮಗನ ಹೆಸರು ಬಾಯಿಗೆ ಬಂದದ್ದಕ್ಕೆ ಅವಳಿಗೇ ಮುಜುಗರವಾಯಿತು. ರೇವಣ್ಣನ ಬೆನ್ನು ಸವರಿದಳು. "ನೋಡ್ದಾ ಚೆನ್ನಾಜಿ. ನಿನ್ ತಮ್ಮ ತಪ್ ಮಾಡಿರ್ಲಿಲ್ಲ, ನಾಲಿಗೆ ಬಿಡಿಸ್ಕೊಡ್ತು. ನನ್ ಮಗ ಮಾಡಿದ್ದ, ಬಿಡಲಿಲ್ಲ. ಯಾರ ಮುಲಾಜೂ ನೋಡಲ್ಲ ಅದು. ಇಷ್ಟ್ ದಿನ ಒಳಗೊಳಗೇ ಒಂಚೂರು ಸಂಕಟ ಇತ್ತು ಕಣವ್ವ, ಇವತ್ತು ಅದೂ ಹೋಯ್ತು."

ಇಬ್ಬರ ಎಲೆಗೂ ಬಡಿಸಿದಳು. ರೇವಣ್ಣ ಒಂದು ತುತ್ತು ಇಟ್ಟು, "ಏನ್ ರುಚಿ ಮಾಡಿದ್ದೀಯ ಈರತಾಯಕ್ಕ, ಉಪ್ಪು ಖಾರ ಎಲ್ಲ ಸರಿಯಾಗಿದೆ" ಎಂದು ಬೆರಳು ಚೀಪಿದ. ಜೈಲಿನಿಂದ ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ನಾನೂ ಒಂದು ತುತ್ತು ಇಟ್ಟೆ. ಮೆಂತ್ಯದ ಕಹಿ ಇತ್ತು, ಬೇಳೆ ಇತ್ತು, ಒಗ್ಗರಣೆಯ ಬೆಳ್ಳುಳ್ಳಿಯ ವಾಸನೆ ಇತ್ತು. ಉಪ್ಪು ಇರಲಿಲ್ಲ. ಎಲೆಯ ಅಂಚಿನಲ್ಲಿ ಉಳಿದಿದ್ದ ನನ್ನ ಮನೆಯ ಸಾರನ್ನು ಬೆರಳಿಗೆ ಹಚ್ಚಿಕೊಂಡು ನೆಕ್ಕಿದೆ. ಅದರಲ್ಲಿ ಉಪ್ಪಿತ್ತು. ಮತ್ತೆ ಅವಳ ಸಾರಿನ ಅನ್ನ ಕಲಸಿ ಇನ್ನೊಂದು ತುತ್ತು ಇಟ್ಟೆ. ರೇವಣ್ಣ ಪಕ್ಕದಲ್ಲಿ ಸೊರ್ ಸೊರ್ ಎಂದು ಉಣ್ಣುತ್ತಿದ್ದ.

ಈರತಾಯಮ್ಮ ಎದುರಿಗೆ ಕೆನ್ನೆಗೆ ಕೈ ಕೊಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. "ಯಾಕವ್ವಾ ನಿಲ್ಲಿಸ್ಬಿಟ್ಟೆ? ಉಪ್ಪು ಕಮ್ಮಿ ಆಯ್ತಾ?" ಎಂದಳು.

"ಇಲ್ಲಕ್ಕ" ಎಂದೆ. "ಹದವಾಗಿದೆ."

ಅವಳು ಸಮಾಧಾನವಾಗಿ ಇನ್ನೊಂದು ಸೌಟು ಬಡಿಸಿದಳು.